ಮೋಟಾರಿಗೆ ಹೇಳಿದ ಮಾತು

ಲೈಟು ಉರೀತಾ ಇರ್ಲಿ, ಆರಿಸಬೇಡಿ. ಬಾಗಿಲು ಮಾತ್ರ ಮುಂದೆ ಮಾಡಿ, ಚಳಿ ಬರ್ತಾ ಇದೆ. ಇದನ್ನ ಕತೆ ಅಂದ್ಕೊಂಡು ಕೇಳೋದಾದ್ರೆ ನಾನು ಹೇಳೋದೇ ಇಲ್ಲ. ಕೊಪ್ಪದಲ್ಲಿ ನಮ್ಮ ಚಿಕ್ಕಮ್ಮನ ಮನೆ ಪಕ್ಕದಲ್ಲಿ ಮಂಜಪ್ಪ ಅಂತ ಇದ್ದ, ನಲ್ಲಿ ಪೈಪಿನ ಕೆಲಸದವನು. ಅವನಿಗೆ ಆದದ್ದು ಇದು. ಎರಡು ಸಾವಿರದ ಆರನೇ ಇಸವಿಯೋ ಏಳೋ... ಟಾರ್ಚ್ ಇರೋ ಸಣ್ಣ ಮೊಬೈಲು ಎಲ್ಲರ ಕಿಸೆಗೂ ಬಂದಿದ್ದ ಕಾಲ.

ಅವತ್ತು ಮಂಜಪ್ಪ ಕೊಪ್ಪದ ಹತ್ರದ ನಾರ್ವೆ ಅನ್ನೋ ಹಳ್ಳಿಯಲ್ಲಿ ಒಬ್ಬರ ಮನೆ ಟ್ಯಾಂಕಿನ ಪೈಪು ಜೋಡಿಸೋಕೆ ಹೋಗಿದ್ದ. ಕೆಲಸ ಬೇಗ ಮುಗೀಲಿಲ್ಲ, ಕೊನೇ ಬಸ್ಸು ಹೋಯ್ತು. ಯಾರದೋ ಪಿಕಪ್ ಹತ್ತಿ ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ರ ಇಳಿಯೋ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚಿ, ಬೀದಿ ನಾಯಿಗಳೂ ಮುದುಡಿ ಮಲಗಿದ್ವು. ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಅವನ ಮನೆಗೆ ಎರಡು ದಾರಿ. ರಸ್ತೆ ಹಿಡಿದು ಸುತ್ತಿ ಹೋಗೋದು ಒಂದು. ಸುಬ್ಬರಾಯರ ಲೈನ್ ಮನೆಗಳ ಹಿಂದೆ, ಬಾವಿ ಪಕ್ಕದಲ್ಲಿ ಇಳಿದು ಹೋಗೋದು ಇನ್ನೊಂದು. ಆ ಒಳದಾರಿಯನ್ನ ಮಂಜಪ್ಪ ಒಂದು ವರ್ಷದಿಂದ ತುಳಿದಿರಲಿಲ್ಲ. ಅವತ್ತು ಹೆಗಲ ಮೇಲೆ ಪೈಪ್ ರೆಂಚಿನ ಚೀಲ, ಕಾಲು ಬೇರೆ ಸೋತಿತ್ತು. ಹಾಳಾಗ್ಲಿ ಅಂತ ಅಲ್ಲೇ ಇಳಿದ.

ಜಾಗ ಹೇಗಿದೆ ಹೇಳ್ತೀನಿ. ಒಂದೇ ಸೂರಿನಡಿ ಸಾಲಾಗಿ ನಾಲ್ಕು ಬಾಡಿಗೆ ಮನೆ. ಹಿತ್ತಿಲಲ್ಲಿ ಬಾವಿ, ಬಾವಿಗೆ ಒರಗಿದ ಹಾಗೆ ಒಂದು ಆಲದ ಮರ. ಮರದ ಈಚೆ ಕಲ್ಲು ಕಂಬದ ಮೇಲೆ ನೀರಿನ ಟ್ಯಾಂಕು. ಟ್ಯಾಂಕಿನ ಕೆಳಗೆ ತಗಡಿನ ಗೂಡು, ಅದರೊಳಗೆ ಬಾವಿ ನೀರೆತ್ತೋ ಮೋಟಾರು. ಟ್ಯಾಂಕಿನಿಂದ ಇಳಿದ ಪೈಪು ನೆಲದಡಿ ಹೋಗಿ ಒಂದೊಂದು ಮನೆಯ ಬಚ್ಚಲ ಗೋಡೆ ಹತ್ರ ಮೇಲೆ ಏಳುತ್ತೆ. ಇಷ್ಟೇ. ಹಗಲು ಹೊತ್ತು ನೋಡಿದ್ರೆ ಹೆದರೋ ಅಂಥದ್ದು ಏನೂ ಇಲ್ಲ.

ಬಾವಿ ಹತ್ರ ಬಂದ... ಆಗ ಕೇಳಿಸ್ತು.

ಟಣ್.

ಮಂಜಪ್ಪ ನಿಂತ. ಕಬ್ಬಿಣದ ಪೈಪಿಗೆ ಏನೋ ತಾಗಿದ ಸದ್ದು. ಸುತ್ತಿಗೆ ಅಲ್ಲ, ಸುತ್ತಿಗೆ ಆದ್ರೆ ದಪ್ಪ ಸದ್ದು ಬರುತ್ತೆ. ರೆಂಚೂ ಅಲ್ಲ. ಕಟಿಂಗ್ ಪ್ಲೇಯರ್ ಬಾಯಿಂದ ಮೆಲ್ಲಗೆ ಕುಟ್ಟಿದ್ರೆ ಬರೋ ಸಣ್ಣ ಸದ್ದು. ಟಣ್... ಟಣ್... ಟ್ಯಾಂಕಿನಿಂದ ಪೈಪಿನ ಗುಂಟ ಕೆಳಗೆ ಇಳೀತಾ ಬಂತು. ಆಮೇಲೆ...

ಟಪ್.

ನಿಂತೋಯ್ತು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲಿಂದ ಶುರು. ಟಣ್... ಟಣ್... ಟಣ್... ಟಪ್. ಪೈಪು ಕದಿಯೋಕೆ ಯಾರೋ ಬಂದಿದಾರೆ ಅಂದ್ಕೊಂಡ. ಹಳೇ ಕಬ್ಬಿಣ ಗುಜರಿಗೆ ಹಾಕೋರು ಆಗ ಇದ್ರು ಊರಲ್ಲಿ. ಯಾರದು ಅಂತ ಗದರಿದ, ಮೊಬೈಲ್ ಟಾರ್ಚ್ ಬಿಟ್ಟ. ಟ್ಯಾಂಕಿನ ಕೆಳಗೆ ಯಾರೂ ಇಲ್ಲ. ನೆಲದ ಮೇಲೆ ಇಬ್ಬನಿ ಬಿದ್ದ ಗರಿಕೆ ಬೆಳ್ಳಗೆ ಹಾಸಿದ ಹಾಗೇ ಇತ್ತು, ಒಂದು ಹೆಜ್ಜೆಯ ಗುರುತಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ. ಹರಿಹರನ ವಿಷಯ ಹೇಳದಿದ್ರೆ ನಿಮಗೆ ಎಂತದೂ ಗೊತ್ತಾಗಲ್ಲ.

ಹರಿಹರ ಅಂದ್ರೆ ಮಂಜಪ್ಪನ ತಂಗಿ ಗಂಗಾಂಬಿಕೆಯ ಗಂಡ. ವೈರಿಂಗ್, ಮೋಟಾರು, ಗೀಸರು, ಎಲ್ಲದಕ್ಕೂ ಅವನೇ. ಸುಬ್ಬರಾಯರ ನಾಲ್ಕು ಮನೆಗೆ ಕರೆಂಟಿನ ಕಡೆಯಿಂದ ಹರಿಹರ, ನೀರಿನ ಕಡೆಯಿಂದ ಮಂಜಪ್ಪ. ಆ ಮನೆ ಕಟ್ಟಿಸಿದ್ದು ಸುಬ್ಬರಾಯರ ಅಪ್ಪ. ಬಾಡಿಗೆ ಎಣಿಸೋದು ಬಿಟ್ರೆ ಸುಬ್ಬರಾಯರಿಗೆ ಅದರಲ್ಲಿ ಎಲ್ಲಿ ಏನಿದೆ ಅನ್ನೋದೂ ಗೊತ್ತಿರಲಿಲ್ಲ. ಸ್ವಿಚ್ಚು ಕೆಟ್ಟರೆ ಹರಿಹರನಿಗೆ ಫೋನು, ನಲ್ಲಿ ಸೋರಿದ್ರೆ ಮಂಜಪ್ಪನಿಗೆ ಫೋನು. ಬಾಡಿಗೆಯವರೂ ಕಲ್ತುಬಿಟ್ಟಿದ್ರು, ಮಾಲೀಕರನ್ನ ಕೇಳ್ತಾನೇ ಇರ್ಲಿಲ್ಲ. ಹರಿಹರನಿಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳ್ಲಿ. ಕಿವಿ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಲ್ಲಿ ಓಡಾಡ್ತಿದ್ದ. ಬಾಯಿ ಬೇರೆ ದೊಡ್ಡದು.

ಭಾವಂದಿರು ಮೊದಲು ಒಂದೇ ತಟ್ಟೆಯಲ್ಲಿ ಉಣ್ಣೋರ ಹಾಗೆ ಇದ್ರು. ಕೆಟ್ಟದ್ದು ಒಂದು ಗೋಡೆಯಿಂದ. ಎರಡನೇ ಮನೆ ಅಡಿಗೆಮನೆಗೆ ಪೈಪು ಎಳೆಯೋಕೆ ಅಂತ ಮಂಜಪ್ಪ ಗೋಡೆ ಕೊರೆದಾಗ ಒಳಗಿದ್ದ ವೈರಿನ ಪೈಪಿಗೇ ಉಳಿ ಬಿತ್ತು. ಹರಿಹರ ಹೋಟೆಲಿನಲ್ಲಿ ಹತ್ತು ಜನರ ಎದುರು, ಗೋಡೆಯೊಳಗೆ ಏನಿದೆ ಅಂತ ಇವನಿಗೆ ಹೇಗೆ ಗೊತ್ತಾಗ್ಬೇಕು, ತಲೆಯೊಳಗೇ ಏನಿಲ್ಲ ಅಂದ. ಜನ ನಕ್ಕರು. ಮಂಜಪ್ಪ ಕುಡೀತಿದ್ದ ಕಾಫಿ ಅಲ್ಲೇ ಇಟ್ಟು ಎದ್ದು ಬಂದ. ಅಷ್ಟೇ... ಅವತ್ತಿಂದ ಮಾತಿಲ್ಲ. ಹಬ್ಬದ ದಿನ ಗಂಗಾಂಬಿಕೆ ಇಬ್ಬರಿಗೂ ಒಂದೇ ಪಂಕ್ತಿಯಲ್ಲಿ ಬಡಿಸ್ತಿದ್ಲು, ಇಬ್ಬರೂ ತಲೆ ಎತ್ತದೆ ಉಂಡು ಏಳೋರು. ಅವಳು ಅತ್ತೂ ನೋಡಿದ್ಲು, ಬೈದೂ ನೋಡಿದ್ಲು. ಆ ಇಬ್ಬರ ಹಟಕ್ಕೆ ನನಗೆ ಈಗಲೂ ಸಿಟ್ಟು ಬರುತ್ತೆ.

ಆದ್ರೆ ಕೆಲಸ ಒಂದೇ ಹಿತ್ತಿಲಲ್ಲಿ ಅಲ್ವಾ, ಮಾತಾಡದೆ ನಡೆಯುತ್ತಾ? ನಮ್ಮ ಕಡೆ ಮಾತು ಬಿಟ್ಟವರು ಎಂತ ಮಾಡ್ತಾರೆ ಗೊತ್ತಲ್ಲ, ಕಂಬಕ್ಕೋ ದನಕ್ಕೋ ಹೇಳಿದ ಹಾಗೆ ಹೇಳಿ ಎದುರಿನವನಿಗೆ ಕೇಳಿಸ್ತಾರೆ. ಇವರಿಬ್ಬರ ನಡುವೆ ಇದ್ದದ್ದು ಆ ಮೋಟಾರು. ಓ ಮೋಟ್ರೇ, ನಾಳೆ ನೀರು ಬಂದ್ ಮಾಡ್ತೀನಿ ಅಂತ ಇವನು. ಓ ಮೋಟ್ರೇ, ನಾಳೆ ಆಗಲ್ಲ, ನಾಡಿದ್ದು ಮಾಡು ಅಂತ ಅವನು. ಬಾಡಿಗೆಯವರು ಕಿಟಕಿಯಲ್ಲಿ ನಿಂತು ನಗೋರು. ನಾಲ್ಕೈದು ವರ್ಷ ಆ ನಾಲ್ಕು ಮನೆ ಹೀಗೇ ನಡೀತು ಮಾರಾಯ್ರೆ.

ಅದಾದ್ಮೇಲೆ ಒಂದು ನವರಾತ್ರಿಯಲ್ಲಿ ಹರಿಹರ ಲೈಟಿನ ಕೆಲಸಕ್ಕೆ ಅಂತ ಶೃಂಗೇರಿಗೆ ಹೋಗಿ ಅಲ್ಲೇ ಉಳಿದಿದ್ದ. ಅದೇ ಹೊತ್ತಿಗೆ ಇಲ್ಲಿ ನೆಲದಡಿಯ ಕಬ್ಬಿಣದ ಪೈಪು ತುಕ್ಕು ಹಿಡಿದು ಒಡೀತು, ನಲ್ಲಿಯಲ್ಲಿ ಕೆಂಪು ನೀರು. ಸುಬ್ಬರಾಯರು ಇವತ್ತೇ ಆಗ್ಬೇಕು ಅಂತ ಪಟ್ಟು ಹಿಡಿದ್ರು. ಮಂಜಪ್ಪ ನೆಲ ಅಗೆದು ಕಬ್ಬಿಣ ತೆಗೆದು, ಉದ್ದಕ್ಕೂ ಪ್ಲಾಸ್ಟಿಕ್ ಪೈಪು ಹಾಕ್ದ. ಗೋಡೆ ಹತ್ರ ಮೇಲೆದ್ದಿದ್ದ ಕಬ್ಬಿಣದ ತುಂಡು ಚೆನ್ನಾಗಿಯೇ ಇತ್ತು, ಅದನ್ನ ಹಾಗೇ ಬಿಟ್ಟ. ಮೊದಲನೇ ಮನೆ ಹತ್ರದ ತುಂಡಿಗೆ ಸುತ್ತಿ ಬಿಗಿದ ಒಂದು ಪಟ್ಟಿ, ಕ್ಲಾಂಪು ಅಂತಾರಲ್ಲ, ಆ ಕ್ಲಾಂಪಿಗೆ ಒಂದು ವೈರು ಸಿಕ್ಕಿಸಿತ್ತು. ಅಗೆಯೋವಾಗ ಅಡ್ಡ ಬಂತು ಅಂತ ಬಿಚ್ಚಿದ್ದ. ಅದು ಯಾತಕ್ಕೆ ಅಂತ ಮಂಜಪ್ಪನಿಗೆ ಸರಿಯಾಗಿ ಗೊತ್ತಿಲ್ಲ. ಕೇಳಬೇಕಾದವನ ಹತ್ರ ಮಾತಿಲ್ಲ. ಬಿಚ್ಚಿದ್ದನ್ನ ಬಿಚ್ಚಿದ ಹಾಗೇ ಕಟ್ಟಿಡೋದು ಅವನ ರೂಢಿ. ತುಕ್ಕು ಒರೆಸಿ, ಕ್ಲಾಂಪನ್ನ ಅದೇ ತುಂಡಿಗೆ ಬಿಗಿಯಾಗಿ ಕೂರಿಸಿದ. ಮೇಲಿಂದ ನೋಡಿದ್ರೆ ಏನೂ ಬದಲಾಗಿಲ್ಲ.

ಹೊರಡೋ ಮುಂಚೆ ಮೋಟಾರಿನ ಗೂಡಿನ ಎದುರು ನಿಂತ. ಹಿತ್ತಿಲಲ್ಲಿ ಒಂದು ನರಪಿಳ್ಳೆ ಇಲ್ಲ. ಓ ಮೋಟ್ರೇ, ನೆಲದಡಿ ಪೈಪು ಪ್ಲಾಸ್ಟಿಕ್ ಆಯ್ತು, ಹೇಳಿಬಿಡು ಅವನಿಗೆ... ಅಂದ. ಅರ್ಧ ತಮಾಷೆಗೆ, ಅರ್ಧ ಹಟಕ್ಕೆ. ಹೇಳಿಯಾಯ್ತು ಅಂತ ಚೀಲ ಹೆಗಲಿಗೆ ಹಾಕ್ಕೊಂಡು ಮನೆಗೆ ಹೋದ.

ಚಳಿ ಬಂತು. ಮೂರನೇ ಮನೆಯಲ್ಲಿ ಜಲಜಮ್ಮ ಅಂತ ಒಬ್ಬರು ಬಾಡಿಗೆಗಿದ್ರು, ವಯಸ್ಸಾದವರು. ಬೆಳಿಗ್ಗೆ ಹೊತ್ತು ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಅಂತ ಹರಿಹರನಿಗೆ ಹೇಳಿ ಕಳಿಸಿದ್ರು. ಅವನು ಮೊದಲು ಹಿತ್ತಿಲಿಗೆ ಹೋಗಿ ಕ್ಲಾಂಪು ನೋಡ್ದ, ಬಿಗಿಯಾಗೇ ಇದೆ. ಒಳಗೆ ಬಂದು ಜಲಜಮ್ಮನ ಎದುರೇ ಅವರ ಮನೆ ಮೇನ್ ಆಫ್ ಮಾಡಿದ. ಬಚ್ಚಲಿಗೆ ಹೋಗಿ ನಲ್ಲಿ ಹಿಡ್ಕೊಂಡು ಗೀಸರಿನ ಮುಚ್ಚಳ ಬಿಚ್ತಾ ಇದ್ದ. ಅದೇ ಹೊತ್ತಿಗೆ ಮೊದಲನೇ ಮನೆಯವರು ಸ್ನಾನಕ್ಕೆ ಅಂತ ತಮ್ಮ ಗೀಸರ್ ಸ್ವಿಚ್ ಹಾಕಿದ್ರು...

ಜಲಜಮ್ಮ ಹೋಗಿ ನೋಡೋ ಹೊತ್ತಿಗೆ ಅವನ ಕೈ ಇನ್ನೂ ನಲ್ಲಿ ಮೇಲೇ ಇತ್ತಂತೆ.

ಮೇನ್ ಆಫ್ ಇದ್ದ ಮನೆಯಲ್ಲಿ ಕರೆಂಟು ಹೊಡೆದು ಸಾಯೋದು ಅಂದ್ರೆ ಯಾರು ನಂಬ್ತಾರೆ? ಮೇನ್ ಆಫ್ ಮಾಡಿರಲಿಲ್ಲ, ಆಮೇಲೆ ಯಾರೋ ಮಾಡಿದಾರೆ ಅಂದ್ರು. ಜಲಜಮ್ಮ ಆಣೆ ಹಾಕಿ ಹೇಳಿದ್ರೆ ಮುದುಕಿಗೆ ಭ್ರಮೆ ಅಂದ್ರು. ಕುಡ್ದಿದ್ದ ಅಂತ ಸುಬ್ಬರಾಯರೇ ಮೊದಲು ಹೇಳಿದ್ದು. ಹರಿಹರ ಜಂಬದ ಮನುಷ್ಯ ಇರ್ಬಹುದು, ಕುಡಿಯೋನಲ್ಲ. ಅವನ ಅಜಾಗರೂಕತೆ ಅಂತಲೇ ಮುಗೀತು ವಿಷಯ. ಗಂಗಾಂಬಿಕೆಗೆ ಯಾರಿಂದಲೂ ಒಂದು ಪರಿಹಾರ ಇಲ್ಲ. ಅದಕ್ಕಿಂತ ಅವಳನ್ನ ತಿಂದದ್ದು ಆ ಹೆಸರು. ನಲ್ಲಿಕಟ್ಟೆಯಲ್ಲಿ, ಅಂಗಡಿಯಲ್ಲಿ, ಎಲ್ಲಿ ಹೋದ್ರೂ ಕುಡಿದು ಸತ್ತವನ ಹೆಂಡತಿ. ನನ್ನ ಗಂಡ ಕೆಲಸದಲ್ಲಿ ತಪ್ಪುವವನಲ್ಲ ಅಂತ ಅವಳು ಹೇಳಿ ಹೇಳಿ ಸೋತು ಸುಮ್ಮನಾದ್ಲು. ಸುಬ್ಬರಾಯರು ಹೆದರಿ ನಾಲ್ಕೂ ಗೀಸರ್ ಬಿಚ್ಚಿಸಿ ಕೊಟ್ಟಿಗೆಗೆ ಹಾಕಿಸಿದ್ರು. ಜಲಜಮ್ಮ ಎನ್.ಆರ್. ಪುರಕ್ಕೆ ಮಗಳ ಮನೆಗೆ ಹೊರಟೋದ್ರು. ಮೂರನೇ ಮನೆಗೆ ಬೀಗ ಬಿತ್ತು.

ಈಗ ಆ ರಾತ್ರಿಗೆ ಬರೋಣ. ಅಷ್ಟೊತ್ತಿಗೆ ಒಂದು ವರ್ಷ ಕಳೆದಿದೆ. ಬಾಡಿಗೆಗೆ ಬರೋರೆಲ್ಲ ಗೀಸರ್ ಇದೆಯಾ ಅಂತ ಕೇಳ್ತಿದ್ರು. ಸುಬ್ಬರಾಯರು ಹೊಸದು ತರಿಸ್ತಾರಾ? ಕೊಟ್ಟಿಗೆಯಲ್ಲಿದ್ದ ಹಳೇ ಗೀಸರುಗಳನ್ನೇ ಒರೆಸಿ, ಪ್ರದೀಪ ಅನ್ನೋ ಹೊಸ ವೈರಿಂಗ್ ಹುಡುಗನ ಕೈಯಲ್ಲಿ ಅವತ್ತಷ್ಟೇ, ಯಾವ ಮನೆಯದು ಆ ಮನೆಗೇ, ಮತ್ತೆ ಹಾಕಿಸಿದ್ರು. ಮೂರನೇ ಮನೆಗೆ ಶ್ರೀಧರ ಮೇಷ್ಟ್ರು ಅಂತ ಒಬ್ಬರು, ಹೆಂಡತಿ ಮತ್ತು ಒಂದು ಹೆಣ್ಣು ಮಗುವಿನ ಜೊತೆ ಅವತ್ತೇ ಸಾಮಾನು ಇಳಿಸಿದ್ರು. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಸ್ನಾನ ಮಾಡಿ ಹಾಲು ಉಕ್ಕಿಸೋರು. ಇದೆಲ್ಲ ಮಂಜಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ.

ಟಾರ್ಚ್ ಹಿಡಿದು ನಿಂತವನ ಕಾಲಡಿ ಸದ್ದು ಬಂತು.

ಟಪ್.

ನೆಲದೊಳಗಿಂದ. ಸರಿಯಾಗಿ ಅವನ ಚಪ್ಪಲಿ ಅಡಿಯಲ್ಲಿ. ಟಪ್... ಟಪ್... ಅವನು ತಾನೇ ಹೂಳಿದ ಪೈಪಿನ ಗುಂಟ, ಮನೆಗಳ ಕಡೆ ಸಾಗ್ತು. ಟಪ್... ಟಪ್... ಮೊದಲನೇ ಮನೆ ಗೋಡೆ ಹತ್ರ ಹೋಗಿ, ಟಣ್. ಕಬ್ಬಿಣದ ತುಂಡು. ಕ್ಲಾಂಪು ಇದ್ದ ತುಂಡು. ಅಲ್ಲಿ ಸದ್ದು ನಿಂತು, ಯೋಚನೆ ಮಾಡಿದ ಹಾಗೆ ಸ್ವಲ್ಪ ತಡೆದು, ಇನ್ನೊಂದು ಸಲ... ಟಣ್.

ಆಮೇಲೆ ಮೋಟಾರಿನ ಗೂಡಿನೊಳಗಿಂದ ಮಾತು ಬಂತು. ಗಂಟಲು ಒಣಗಿದವನ ಪಿಸುಮಾತು.

"ಓ ಮೋಟ್ರೇ... ಕಬ್ಬಿಣ ಎಲ್ಲಿ ಮುಗೀತು ಅಂತ ಕೇಳು ಅವನ್ನ."

ಮಂಜಪ್ಪನಿಗೆ ಆ ದನಿ ಗೊತ್ತಾಗದೆ ಇರುತ್ತಾ? ಓಡಬೇಕು ಅಂತ ಅನ್ನಿಸ್ಲೂ ಇಲ್ವಂತೆ. ವರ್ಷಗಟ್ಟಲೆ ರೂಢಿ... ಬಾಯಿ ತಾನೇ ಉತ್ತರ ಕೊಡ್ತು, ಅದೂ ಮೋಟಾರಿಗೇ.

"ಟ್ಯಾಂಕಿನ ಕೆಳಗೇ ಮುಗೀತು ಅನ್ನು. ಅಲ್ಲಿಂದಾಚೆ ಪ್ಲಾಸ್ಟಿಕ್ಕು."

"ಯಾವಾಗ ಅಂತ ಕೇಳು."

"ಹೋದ ವರ್ಷ... ನವರಾತ್ರಿಯಲ್ಲಿ."

ಆಲದ ಎಲೆ ಒಂದು ಬಾವಿ ನೀರಿಗೆ ಬಿತ್ತು, ಆ ಸದ್ದೂ ಕೇಳಿಸ್ತು.

"ವೈರು ಕಟ್ಟೇ ಇತ್ತಲ್ಲ," ಅಂತು ದನಿ.

ಅಷ್ಟು ಹೇಳಿದ್ದೇ ಮಂಜಪ್ಪನಿಗೆ ಎಲ್ಲಾ ಬೆಳಕಾಯ್ತು. ಗೀಸರ್ ಕೆಟ್ಟು ಅದರ ಮೈಗೆ ಕರೆಂಟು ಬಂದ್ರೆ, ಅದು ಮನುಷ್ಯನನ್ನ ಹಿಡಿಯದೆ ನೆಲಕ್ಕೆ ಇಳಿದು ಹೋಗೋಕೆ ಒಂದು ದಾರಿ ಬೇಕು. ಅದಕ್ಕೆ ಅರ್ತ್ ಅಂತಾರೆ. ಹರಿಹರ ನಾಲ್ಕೂ ಮನೆಯ ಅರ್ತ್ ವೈರು ಒಂದು ಮಾಡಿ, ನೆಲದಡಿ ಹೋಗೋ ನೀರಿನ ಪೈಪಿಗೇ ಕ್ಲಾಂಪು ಹಾಕಿದ್ದ. ಊರಲ್ಲೆಲ್ಲ ಹಾಗೇ ಮಾಡ್ತಿದ್ರು, ಸಲೀಸು ಅಂತ. ಕಬ್ಬಿಣ ನೆಲದಲ್ಲಿರೋವರೆಗೆ ಸರಿ. ಮಂಜಪ್ಪ ಕಬ್ಬಿಣ ತೆಗೆದು ಪ್ಲಾಸ್ಟಿಕ್ ಹಾಕಿದ ದಿನ ಆ ದಾರಿ ಕಟ್ ಆಯ್ತು. ಅವತ್ತಿಂದ ಒಂದು ಮನೆ ಗೀಸರ್ ಕೆಟ್ಟರೆ ಅದೇ ವೈರಿನ ಮೇಲೆ ಹತ್ತಿ ನಾಲ್ಕೂ ಮನೆ ನಲ್ಲಿಯಲ್ಲಿ ಕರೆಂಟು, ಮೇನ್ ಆಫ್ ಮಾಡಿದ್ರೂ. ಕ್ಲಾಂಪು ಬಿಚ್ಚಿ ಬಿಸಾಕಿದ್ರೂ ಹರಿಹರ ನೋಡಿ ಎಚ್ಚರ ಆಗ್ತಿದ್ದ. ಒರೆಸಿ, ಬಿಗಿಮಾಡಿ, ಮೊದಲಿನ ಹಾಗೇ ಇಟ್ಟಿದ್ದ ಇವನು.

ಮಂಜಪ್ಪ ಬಾವಿಕಟ್ಟೆ ಮೇಲೆ ಕೂತ. ಆಗ ಮೋಟಾರನ್ನ ಬಿಟ್ಟು ಕರೆದ.

"ಭಾವ... ನಾನು ಹೇಳಿದ್ದೆ. ಹೊರಡೋವಾಗ ಮೋಟ್ರಿಗೆ ಹೇಳಿದ್ದೆ, ಭಾವ."

ಗೂಡಿನೊಳಗಿಂದ ದನಿ ಬಂತು.

"ನಂಗೆ ಹೇಳ್ಬಾರ್ದಿತ್ತಾ ಮಾರಾಯ..."

ಸಿಟ್ಟಿರಲಿಲ್ಲವಂತೆ ಆ ದನಿಯಲ್ಲಿ. ಸಿಟ್ಟು ಇದ್ದಿದ್ರೆ ತಡ್ಕೋಬಹುದಿತ್ತು ಅಂತ ಮಂಜಪ್ಪ ಆಮೇಲೆ ನಮ್ಮ ಚಿಕ್ಕಪ್ಪನ ಹತ್ರ ಹೇಳಿ ಅತ್ತಿದ್ದ. ಕೊನೆಗೆ ಇನ್ನೊಂದೇ ಮಾತು ಬಂತು, ಬೆಳಿಗ್ಗೆ ಆ ಮಗು ಸ್ನಾನಕ್ಕೆ ಹೋಗುತ್ತೆ ಅಂತ. ಅಷ್ಟೇ. ಮತ್ತೆ ಆ ಹಿತ್ತಿಲಲ್ಲಿ ಯಾವ ಸದ್ದೂ ಬರಲಿಲ್ಲ.

ಮಂಜಪ್ಪನಿಗೆ ಕರೆಂಟು ಅಂದ್ರೆ ಭಯ. ಮೊದಲಿಂದಲೂ ಇತ್ತು, ಹರಿಹರ ಸತ್ತ ಮೇಲೆ ಸ್ವಿಚ್ಚು ಹಾಕೋಕೂ ಹೆಂಡತಿಯನ್ನ ಕರೀತಿದ್ದ. ಅಂಥವನು ಮನೆಗಳ ಮುಂದಕ್ಕೆ ಹೋದ. ಹೊರಗೋಡೆಯ ಮರದ ಪೆಟ್ಟಿಗೆಯಲ್ಲಿ ನಾಲ್ಕೂ ಮನೆ ಮೀಟರು, ಫ್ಯೂಸು. ಟವೆಲ್ಲನ್ನ ಕೈಗೆ ಸುತ್ತಿಕೊಂಡ. ಕಣ್ಣು ಮುಚ್ಚಿ ಎಳೆದ. ಕಟಕ್... ಒಂದು. ಕಟಕ್... ಇನ್ನೊಂದು. ನಾಲ್ಕನ್ನೂ ಕಿತ್ತು ಚೀಲಕ್ಕೆ ಹಾಕಿ, ಚೀಲ ಮಡಿಲಲ್ಲಿಟ್ಟುಕೊಂಡು ಮೊದಲನೇ ಮನೆ ಜಗಲಿ ಮೇಲೆ ಕೂತ. ಬಾಗಿಲು ತಟ್ಟಿ ಹೇಳ್ಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಏನಂತ ಹೇಳ್ತಾನೆ? ಸತ್ತವನು ಬಂದು ಹೇಳ್ದ ಅಂತಲಾ?

ನಸುಕಿಗೆ ಮುಂಚೆ ಮೂರನೇ ಮನೆಯಲ್ಲಿ ಸ್ವಿಚ್ ಹಾಕಿದ ಸದ್ದು, ಆರಿಸಿದ ಸದ್ದು. ಮೇಷ್ಟ್ರ ಹೆಂಡತಿ ಮೇಣದಬತ್ತಿ ಹಿಡಿದು ಹೊರಗೆ ಬಂದವಳು ಇವನನ್ನ ನೋಡಿ ಕಿರುಚಿದ್ಲು. ಮೇಷ್ಟ್ರು ಬಂದ್ರು, ಅಕ್ಕಪಕ್ಕದವರು ಎದ್ರು, ಸುಬ್ಬರಾಯರಿಗೆ ಫೋನು ಹೋಯ್ತು. ಸುಬ್ಬರಾಯರು ಮಂಕಿ ಟೋಪಿಯಲ್ಲೇ ಬಂದು, ಹಾಲುಕ್ಕಿಸೋ ದಿನ ಫ್ಯೂಸ್ ಕಿತ್ತಿದ್ಯಲ್ಲೋ, ತಲೆ ಕೆಟ್ಟಿದೆಯಾ ಅಂತ ಎಗರಾಡಿದ್ರು. ಮಂಜಪ್ಪ ಫ್ಯೂಸ್ ಕೊಡ್ಲಿಲ್ಲ. ಪ್ರದೀಪ ಬರ್ಲಿ, ಟೆಸ್ಟರ್ ತರ್ಲಿ, ಆಮೇಲೆ ಕೊಡ್ತೀನಿ ಅಂದ.

ಪ್ರದೀಪ ಕಣ್ಣುಜ್ಜುತ್ತಾ ಬಂದ. ಯಾರೂ ನಲ್ಲಿ ಮುಟ್ಟಬಾರದು ಅಂತ ಎಲ್ಲರನ್ನೂ ಹೊರಗೆ ನಿಲ್ಲಿಸಿ ಮಂಜಪ್ಪ, ಹರಿಹರ ಸತ್ತ ಹೊತ್ತಿಗೆ ಗೀಸರ್ ಹಾಕಿದ್ದ ಮೊದಲನೇ ಮನೆಯ ಫ್ಯೂಸ್ ಒಂದನ್ನೇ ಕೊಟ್ಟ. ಉಳಿದ ಮೂರು ಅವನ ಚೀಲದಲ್ಲೇ. ಪ್ರದೀಪ ಫ್ಯೂಸ್ ಹಾಕಿ, ಆ ಮನೆ ಗೀಸರ್ ಆನ್ ಮಾಡಿ, ಮೂರನೇ ಮನೆ ಬಚ್ಚಲಿಗೆ ಹೋಗಿ ನಲ್ಲಿಗೆ ಟೆಸ್ಟರ್ ಮುಟ್ಟಿಸಿದ. ಕತ್ತಲೆ ಬಚ್ಚಲಲ್ಲಿ ಟೆಸ್ಟರ್ ಕೆಂಪಗೆ ಉರೀತು. ಮೇಷ್ಟ್ರ ಹೆಂಡತಿ ಮಗುವನ್ನ ಎತ್ತಿಕೊಂಡು ಅಂಗಳಕ್ಕೆ ಓಡಿದ್ಲು.

ಮಂಜಪ್ಪ ಆಗ ಎಲ್ಲರ ಎದುರೂ ಹೇಳ್ದ. ರಾತ್ರಿಯ ವಿಷಯ ಬಿಟ್ಟು ಉಳಿದದ್ದೆಲ್ಲ. ಪೈಪು ತೆಗೆದದ್ದು, ಕ್ಲಾಂಪು ಕೂರಿಸಿದ್ದು, ಹರಿಹರನಿಗೆ ಹೇಳದೆ ಬಿಟ್ಟದ್ದು. ಸುಬ್ಬರಾಯರು ಅವನನ್ನ ಪಕ್ಕಕ್ಕೆ ಕರೆದು ದನಿ ಇಳಿಸಿದ್ರು.

"ನೋಡು ಮಂಜಪ್ಪ, ಸತ್ತವನ ತಪ್ಪು ಅಂತ ಮುಗಿದಿದೆ. ಅವನಿಗೇನು ನಷ್ಟ ಅದರಿಂದ? ನನ್ನ ಮನೆಗೆ ಬಾಡಿಗೆಗೆ ಯಾರು ಬರ್ತಾರೆ ಆಮೇಲೆ?"

"ನನ್ನ ತಂಗಿಗೆ ಇದೆ ರಾಯ್ರೆ, ನಷ್ಟ," ಅಂದ ಮಂಜಪ್ಪ.

ಅವತ್ತು ಮಧ್ಯಾಹ್ನ ಹೋಟೆಲಿಗೂ ಹೋಗಿ ಹೇಳ್ದ, ಜಗಳ ಆದ ಅದೇ ಹೋಟೆಲಿಗೆ. ಹರಿಹರ ಕುಡಿದಿರಲಿಲ್ಲ, ಮೇನ್ ಆಫ್ ಮಾಡಿದ್ದ, ಕೊಂದದ್ದು ನನ್ನ ಪೈಪು ಅಂತ. ಜನ ಕೇಳಿದ್ರು. ಹೌದಾ ಅಂದ್ರು. ಒಬ್ಬ, ಹೋಗ್ಲಿ ಬಿಡು, ಈಗ ಎಂತ ಮಾಡೋಕಾಗುತ್ತೆ ಅಂತ ದೋಸೆ ಮುರಿದ. ಕುಡಿದು ಸತ್ತ ಅಂತ ಹೇಳೋಕೆ ಇದ್ದ ಉಮೇದು ಈ ಮಾತಿಗೆ ಯಾರಿಗೂ ಇರ್ಲಿಲ್ಲ. ನಮ್ಮೂರಿನ ಜನವೇ ಹಾಗೆ, ನಾನೂ ಸೇರಿ.

ಅಲ್ಲಿಂದ ತಂಗಿ ಮನೆಗೆ ಹೋದ. ಗಂಗಾಂಬಿಕೆ ಅಂಗನವಾಡಿ ಅಡಿಗೆ ಮುಗಿಸಿ ಆಗ ತಾನೇ ಬಂದಿದ್ಲು. ಅವಳಿಗೆ ಮಾತ್ರ ರಾತ್ರಿಯದನ್ನೂ ಹೇಳ್ದ, ಒಂದಕ್ಷರ ಬಿಡದೆ. ಅಳಬಹುದು, ಹೊಡೆಯಬಹುದು, ಮನೆಯಿಂದ ಆಚೆ ಹಾಕಬಹುದು ಅಂದ್ಕೊಂಡಿದ್ದ. ಅವಳು ಅದ್ಯಾವುದೂ ಮಾಡ್ಲಿಲ್ಲ. ಬಾಗಿಲ ಕಡೆ ನೋಡ್ತಾ ಕೂತಿದ್ಲು.

"ಮಾತಾಡಿದ್ರಾ ನಿನ್ನ ಹತ್ರ?"

"ಹೂಂ."

"ಒಂದು ವರ್ಷದಿಂದ ಚಿಲಕ ಹಾಕದೆ ಮಲಗ್ತಾ ಇದೀನಿ ಅಣ್ಣ ನಾನು. ಒಂದು ಸಲ ಬರ್ಲಿಲ್ಲ. ನಿನ್ನ ಹತ್ರ ಬಂದ್ರು."

ಅವಳು ಎದ್ದು ಸೆರಗು ಹೊದ್ದು, ಎಲ್ಲಿ ಆ ಜಾಗ, ತೋರಿಸು ಅಂದ್ಲು.

ಇವರಿಬ್ಬರೂ ಹಿತ್ತಿಲಿಗೆ ಬರೋ ಹೊತ್ತಿಗೆ ಪ್ರದೀಪ ಇಬ್ಬರು ಆಳುಗಳನ್ನ ಕರ್ಕೊಂಡು ಅರ್ತಿಗೆ ಗುಂಡಿ ತೋಡಿಸೋಕೆ ನಿಂತಿದ್ದ. ಮೇಷ್ಟ್ರು ಬೇರೆ ಮನೆ ನೋಡ್ತೀನಿ ಅಂದದ್ದಕ್ಕೆ ಸುಬ್ಬರಾಯರು ಕೊನೆಗೂ ಒಪ್ಪಿದ್ರು. ಸರಿಯಾದ ಅರ್ತ್ ಅಂದ್ರೆ ಹೀಗೆ. ಆಳುದ್ದ ಗುಂಡಿ ತೋಡಿ, ತಳಕ್ಕೆ ತಾಮ್ರದ ಪ್ಲೇಟು ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ ಹಾಕಿ ಮುಚ್ಚೋದು. ನೀರು ಇಳಿದ ಹಾಗೆ ಉಪ್ಪು ಕರಗಿ ಮಣ್ಣು ಸೇರುತ್ತೆ. ಆ ಹಿತ್ತಿಲಲ್ಲಿ ಅಂಥ ಗುಂಡಿ ಯಾವತ್ತೂ ಇರ್ಲಿಲ್ಲ. ಇದ್ದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ. ಪ್ರದೀಪ ಅಂದಾಜಿನ ಮೇಲೆ ಬಾವಿ ಆಚೆ ಒಂದು ಕಡೆ ಗುರುತು ಹಾಕ್ದ. ಮೇಲೆ ದಟ್ಟಗೆ ಗರಿಕೆ, ಅದರ ಬೇರು ಕೀಳೋಕೇ ಗುದ್ದಲಿಯವನು ಏದುಸಿರು ಬಿಟ್ಟ. ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು. ಯಾರೂ ಯಾವ ಕಾಲದಲ್ಲೂ ಅಗೆದ ನೆಲ ಅಲ್ಲ ಇದು ಅಂತ ಅವನೇ ಹೇಳ್ದ.

ಎದೆ ಮಟ್ಟಕ್ಕೆ ಇಳಿದಾಗ ಗುದ್ದಲಿಗೆ ಇದ್ದಿಲು ಸಿಕ್ತು.

ಆಳು ಕೈಯಲ್ಲಿ ಕೆದಕಿದ. ಇದ್ದಿಲು, ಅದರಡಿ ಉಪ್ಪು, ಮತ್ತೆ ಇದ್ದಿಲು. ತಳದಲ್ಲಿ ತಾಮ್ರದ ಪ್ಲೇಟು, ಅದಕ್ಕೆ ಹರಿಹರ ಬಿಗೀತಿದ್ದ ಹಾಗೇ ತಿರುಪು ಹಾಕಿ ಬಿಗಿದ ವೈರಿನ ಸುರುಳಿ, ಜೋಡಿಸೋದೊಂದು ಬಾಕಿ. ಯಾರು ಮಾಡಿಸಿದ್ದು ಅಂತ ಸುಬ್ಬರಾಯರನ್ನ ಕೇಳಿದ್ರು, ದೇವರಾಣೆ ನಾನಲ್ಲ ಅಂದ್ರು. ನಾಲ್ಕೂ ಮನೆಯವರನ್ನ ಕೇಳಿದ್ರು. ಯಾರಿಗೂ ಗೊತ್ತಿಲ್ಲ. ಆಳು ಹೆದರಿ ಗುಂಡಿಯಿಂದ ಮೇಲೆ ಬಂದು ದೂರ ಹೋಗಿ ನಿಂತ.

ಗಂಗಾಂಬಿಕೆ ಗುಂಡಿಗೆ ಇಳಿದ್ಲು. ಬೇಡ ಅಂದ್ರೂ ಕೇಳ್ಲಿಲ್ಲ. ಒಂದು ಹಿಡಿ ಉಪ್ಪು ತಗೊಂಡು, ಒಂದು ಹರಳು ನಾಲಿಗೆ ಮೇಲಿಟ್ಟು ನೋಡಿದ್ಲು. ಆಮೇಲೆ ಅದನ್ನ ಸೆರಗಿನ ತುದಿಗೆ ಗಂಟು ಹಾಕ್ಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ಹೋದ್ಲು.

ನಮ್ಮ ಚಿಕ್ಕಪ್ಪ ಅಲ್ಲೇ ಇದ್ರು, ಮುಟ್ಟಿ ನೋಡಿದ್ರು. ಬೇಕಾದ್ರೆ ಹೋಗಿ ಕೇಳಿ, ಇನ್ನೂ ಇದಾರೆ ಕೊಪ್ಪದಲ್ಲಿ. ಮುಂಗಾರು ಮುಗಿದು ಎಷ್ಟು ದಿನ ಆಗಿತ್ತು? ಆ ಮಳೆಯೆಲ್ಲ ಆ ನೆಲದ ಮೇಲೇ ಸುರಿದದ್ದು. ಇದ್ದಿಲು ಒಣಗಿತ್ತು. ಉಪ್ಪು ಅಂಗಡಿಯಿಂದ ಈಗ ತಂದ ಹಾಗೆ ಕರಕರ ಅಂತಿತ್ತು, ಒಂದು ಹರಳೂ ಕರಗಿರಲಿಲ್ಲ.